ಪ್ರತಿವರ್ಷ ತಪ್ಪದೆ ಬರುವ ಅಕಾಲಿಕ ಮಳೆ

'ದಕ್ಷಿಣ ಒಳನಾಡಿನ ಒಂದೆರಡು ಕಡೆ ಗುಡುಗು ಸಹಿತ ಹಗುರದಿಂದ ಸಾಧಾರಣ ಮಳೆ. ಗಂಟೆಗೆ 40ರಿಂದ 50 ಕಿ.ಮೀ. ವೇಗದ ಗಾಳಿ. ಬೆಂಗಳೂರಿನಲ್ಲಿ ಭಾಗಶಃ ಮೋಡ, ಗರಿಷ್ಠ ಉಷ್ಣಾಂಶ 33, ಕನಿಷ್ಠ 22 ಡಿಗ್ರಿ.' ಏಪ್ರಿಲ್-ಮೇ ತಿಂಗಳಲ್ಲಿ ಹವಾಮಾನ ಇಲಾಖೆಯ ಮುನ್ಸೂಚನೆ ಹೆಚ್ಚೂಕಡಿಮೆ ಇಷ್ಟೇ ಇರುತ್ತದೆ. ಕೂಗಾಟವಿಲ್ಲ, ಆಶ್ಚರ್ಯಸೂಚಕ ಚಿಹ್ನೆಯಿಲ್ಲ. ಆದರೆ ಮಧ್ಯಾಹ್ನ ಕಚೇರಿಯಿಂದ ಹೊರಬಿದ್ದ ಈ ಮೂರು ಸಾಲು ಟಿವಿ, ವಾಟ್ಸ್‌ಆ್ಯಪ್, ಪಾಲಿಕೆ ಎಂಬ ಮೂರು ಊರು ಸುತ್ತಿ ಸಂಜೆಗೆ ಮರಳುವಷ್ಟರಲ್ಲಿ ಬರೆದವರಿಗೇ ಗುರುತು ಸಿಗದ ಹಾಗಾಗಿರುತ್ತವೆ.

ಮೊದಲು 'ಒಂದೆರಡು ಕಡೆ'ಯ ಲೆಕ್ಕ ನೋಡೋಣ. ಇಲಾಖೆ ಕರ್ನಾಟಕವನ್ನು ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಅಂತ ಮೂರು ಪಾಲು ಮಾಡಿದೆ. ಒಂದು ಪಾಲಿನ ಮಳೆಮಾಪನ ಕೇಂದ್ರಗಳಲ್ಲಿ ಶೇ 25ರವರೆಗೆ ಮಳೆ ಬಿದ್ದರೆ ಅದು ಒಂದೆರಡು ಕಡೆ. ಶೇ 26ರಿಂದ 50 ಆದರೆ ಕೆಲವು ಕಡೆ, 51ರಿಂದ 75 ಆದರೆ ಹಲವು ಕಡೆ, ಅದಕ್ಕೂ ಮೇಲಾದರೆ ಬಹುತೇಕ ಎಲ್ಲ ಕಡೆ. ಅಂದಮೇಲೆ ಶಿರಾದಲ್ಲಿ ಒಂದು ಹನಿ ಬೀಳದೆ ಚಿಕ್ಕಮಗಳೂರಿನಲ್ಲಿ ಆಲಿಕಲ್ಲು ಸುರಿದರೂ ಮುನ್ಸೂಚನೆ ನಿಜ, ಮುಕ್ಕಾಲು ಒಳನಾಡು ಒಣಗಿ ನಿಂತರೂ ನಿಜ. ಟಿವಿಯ ಜ್ಯೋತಿಷಿಗಳು ಈ ಪದ್ಧತಿಯನ್ನು ಇನ್ನೂ ಅಳವಡಿಸಿಕೊಂಡಿಲ್ಲ ಎನ್ನುವುದೇ ಸೋಜಿಗ.

ಹಾಗಂತ ಇಲಾಖೆ ಜಾಣತನದಿಂದ ನುಣುಚಿಕೊಳ್ಳುತ್ತಿದೆ ಎಂದರೆ ಅನ್ಯಾಯವಾದೀತು. ಬೇಸಿಗೆ ಮಳೆಯ ಜಾಯಮಾನವೇ ಅಂಥದ್ದು. ವಿದರ್ಭ, ಮರಾಠವಾಡಾ ಕಡೆಯಿಂದ ನಮ್ಮ ಒಳನಾಡಿನ ಮೇಲೆ ಹಾದು ತಮಿಳುನಾಡಿನವರೆಗೆ ಗಾಳಿಯ ಒತ್ತಡದ ಒಂದು ತಗ್ಗು ಚಾಚಿಕೊಳ್ಳುತ್ತದೆ. ಪ್ರಕಟಣೆಯಲ್ಲಿ 'ಸಮುದ್ರಮಟ್ಟದಿಂದ 0.9 ಕಿ.ಮೀ. ಎತ್ತರದಲ್ಲಿ' ಎಂದು ಬರೆದಿರುವುದು ಇದನ್ನೇ. ಬಂಗಾಳ ಕೊಲ್ಲಿಯ ತೇವಗಾಳಿ ಅಲ್ಲಿಗೆ ಬಂದು ಸೇರುತ್ತದೆ. ಮಧ್ಯಾಹ್ನದವರೆಗೆ ಕಾದ ನೆಲ ಆ ಗಾಳಿಯನ್ನು ಮೇಲಕ್ಕೆ ತಳ್ಳಿದರೆ ಸಂಜೆಗೆ ಹತ್ತು-ಹನ್ನೆರಡು ಕಿ.ಮೀ. ಎತ್ತರದ ಗುಡುಗು ಮೋಡ ಸಿದ್ಧ. ಅದರ ಅಗಲ ಕೆಲವೇ ಕಿ.ಮೀ., ಆಯುಸ್ಸು ಅರ್ಧ-ಮುಕ್ಕಾಲು ಗಂಟೆ. ಜಯನಗರದಲ್ಲಿ ಚರಂಡಿ ಉಕ್ಕಿದಾಗ ಮಲ್ಲೇಶ್ವರದಲ್ಲಿ ತಾರಸಿ ಮೇಲೆ ಹಪ್ಪಳ ಒಣಗುತ್ತಿರುವುದು ಇದೇ ಕಾರಣಕ್ಕೆ. ಹಿಂದಿನ ದಿನವೇ ಇಂಥದ್ದೇ ಬಡಾವಣೆ, ಇಷ್ಟೇ ಗಂಟೆ ಅಂತ ಹೇಳಲು ಯಾವ ಗಣಕಕ್ಕೂ ಸಾಧ್ಯವಿಲ್ಲ. ಸಾಲದ್ದಕ್ಕೆ ಇಲಾಖೆಗೆ ಕರ್ನಾಟಕದಲ್ಲಿ ಬಹುಕಾಲ ಮೋಡದೊಳಗಿನ ಮಳೆ, ಗಾಳಿಯನ್ನು ದೂರದಿಂದಲೇ ಗುರುತಿಸುವ ಡಾಪ್ಲರ್ ರೇಡಾರೇ ಇರಲಿಲ್ಲ. ಬೆಂಗಳೂರಿನ ಮೋಡವನ್ನು ಚೆನ್ನೈಯಲ್ಲಿ ಕೂತು ನೋಡಬೇಕಿತ್ತು. ಭೂಮಿ ಗುಂಡಗಿರುವುದರಿಂದ ಚೆನ್ನೈ ರೇಡಾರಿನ ಕಿರಣ ಇಲ್ಲಿಗೆ ಬರುವಾಗ ಐದಾರು ಕಿ.ಮೀ. ಮೇಲಕ್ಕೆ ಹೋಗಿರುತ್ತದೆ. ಐಟಿ ರಾಜಧಾನಿಯ ಮೋಡದ ತಲೆ ಕಾಣುತ್ತಿತ್ತು, ಕಾಲು ಕಾಣುತ್ತಿರಲಿಲ್ಲ.

ಈಗ ಮುನ್ಸೂಚನೆ ಟಿವಿ ಸ್ಟುಡಿಯೊಗೆ ಬಂತೆನ್ನಿ. ಇಲಾಖೆಯ ಬಣ್ಣಗಳು ನಾಲ್ಕು. ಹಸಿರಿಗೆ ಏನೂ ಮಾಡಬೇಕಿಲ್ಲ, ಹಳದಿಗೆ ಗಮನವಿಟ್ಟಿರಬೇಕು, ಕಿತ್ತಳೆಗೆ ಸಿದ್ಧವಾಗಿರಬೇಕು, ಕೆಂಪಿಗೆ ಕೆಲಸಕ್ಕೆ ಇಳಿಯಬೇಕು. ಸ್ಟುಡಿಯೊದಲ್ಲಿ ಇರುವ ಬಣ್ಣ ಒಂದೇ, ಅದು ಕೆಂಪು. ಹಳದಿ ಎಚ್ಚರಿಕೆಗೆ ಸೈರನ್ ಸೇರಿಸಿ, 'ಕರುನಾಡಿಗೆ ಜಲಕಂಟಕ' ಎಂಬ ಪಟ್ಟಿ ಎಳೆದು, ಯಾವುದೋ ವರ್ಷದ ಯಾವುದೋ ರಾಜ್ಯದ ಪ್ರವಾಹದಲ್ಲಿ ತೇಲುವ ಕಾರನ್ನು ತೋರಿಸಿದರೆ 'ಹಗುರ ಮಳೆ'ಯ ಸುದ್ದಿ ತಯಾರು. ಹಗುರ ಎಂದರೆ ದಿನಕ್ಕೆ 2.5ರಿಂದ 15.5 ಮಿ.ಮೀ. ಸಾಧಾರಣಕ್ಕೆ 64.4ರವರೆಗೆ ಅವಕಾಶ. 64.5 ಮುಟ್ಟಿದ ಮೇಲೆ ಭಾರಿ, 115.6ರಿಂದ ಅತಿ ಭಾರಿ, 204.5 ದಾಟಿದರೆ ಅತ್ಯಂತ ಭಾರಿ. 'ರಣಭೀಕರ' ಎಷ್ಟು ಮಿ.ಮೀ.ಗೆ ಶುರುವಾಗುತ್ತದೆಂದು ಯಾವ ಕೈಪಿಡಿಯಲ್ಲೂ ಇಲ್ಲ.

ಮಳೆಗೆ ಮುಂಚಿನ ವಾರ ಇದೇ ವಾಹಿನಿಗಳಲ್ಲಿ ಬೆಂಗಳೂರು 'ಬೆಂಕಿಯುಂಡೆ' ಆಗಿರುತ್ತದೆ. ವರದಿಗಾರ ಕಾರಿನ ಡ್ಯಾಶ್‌ಬೋರ್ಡ್ ತೋರಿಸಿ 42 ಡಿಗ್ರಿ ಎನ್ನುತ್ತಾನೆ. ಅದು ಟಾರು ರಸ್ತೆಯ ಮೇಲೆ ನಿಂತ ಕಾರಿನ ಜ್ವರ. ಊರಿನ ಉಷ್ಣಾಂಶವನ್ನು ಅಳೆಯುವುದು ಗಾಳಿಯಾಡುವ ಪಟ್ಟಿಗಳಿರುವ ಬಿಳಿ ಮರದ ಪೆಟ್ಟಿಗೆಯೊಳಗೆ, ನೆಲದಿಂದ ಸುಮಾರು ನಾಲ್ಕಡಿ ಎತ್ತರದಲ್ಲಿ, ಬಿಸಿಲು ನೇರ ತಾಗದಂತೆ ಬಾಗಿಲನ್ನು ಉತ್ತರಕ್ಕೆ ಇಟ್ಟು. ಆ ಪೆಟ್ಟಿಗೆಯ ಪ್ರಕಾರ ಬೆಂಗಳೂರು ನಗರದ ದಾಖಲೆ 2016ರ ಏಪ್ರಿಲ್‌ನ 39.2 ಡಿಗ್ರಿ. ಬಯಲುನಾಡಿನಲ್ಲಿ ಬಿಸಿಗಾಳಿ ಎಂದು ಘೋಷಿಸಲು ಮೊದಲು 40 ಮುಟ್ಟಬೇಕು. ಪೆಟ್ಟಿಗೆಗೆ ಟಿಆರ್‌ಪಿ ಇಲ್ಲ, ಹಾಗಾಗಿ ಅದನ್ನು ಯಾರೂ ಸಂದರ್ಶಿಸುವುದಿಲ್ಲ.

ಮಳೆ ಬಂದ ರಾತ್ರಿ 'ಕೂಲ್ ಕೂಲ್ ಬೆಂಗಳೂರು'. ತಂಪಾಗುವುದು ಸುಳ್ಳಲ್ಲ. ಮೋಡದಿಂದ ಕೆಳಗಿಳಿವ ಗಾಳಿ ಅರ್ಧ ಗಂಟೆಯಲ್ಲಿ ಎಂಟು-ಹತ್ತು ಡಿಗ್ರಿ ಇಳಿಸಬಲ್ಲದು. ಆದರೆ ದಿನದ ಗರಿಷ್ಠ ಉಷ್ಣಾಂಶ ಮಧ್ಯಾಹ್ನ ಮೂರರೊಳಗೇ ದಾಖಲಾಗಿ ಹೋಗಿರುತ್ತದೆ. ಸಂಜೆ ಸ್ವೆಟರ್ ಹುಡುಕಿದವರು ಮಾರನೆಯ ದಿನ ಪತ್ರಿಕೆಯಲ್ಲಿ 'ನಿನ್ನೆಯ ಗರಿಷ್ಠ 35.4, ವಾಡಿಕೆಗಿಂತ ಹೆಚ್ಚು' ಎಂದು ಓದಿ ಇಲಾಖೆಯ ಬುದ್ಧಿಮಟ್ಟದ ಬಗ್ಗೆ ಚರ್ಚಿಸುತ್ತಾರೆ. ಮಳೆಯ ಕಥೆಯೂ ಹೀಗೇ. ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ ಬಿದ್ದದ್ದು ಒಂದು ದಿನದ ಲೆಕ್ಕ, ಅದು ಸೇರುವುದು ಮರುದಿನದ ತಾರೀಖಿಗೆ. ಸೋಮವಾರ ಸಂಜೆ ಸಿಲ್ಕ್ ಬೋರ್ಡ್‌ನಲ್ಲಿ ನಿಮ್ಮ ಸ್ಕೂಟರನ್ನು ಮುಳುಗಿಸಿದ ಮಳೆ ಸರ್ಕಾರದ ಕಡತದಲ್ಲಿ ಮಂಗಳವಾರ ಬೀಳುತ್ತದೆ. ಸೋಮವಾರ ರಾತ್ರಿಯೇ ಪಾಲಿಕೆಗೆ ಫೋನ್ ಮಾಡುವವರು ಆತುರಗಾರರು.

ವಾಟ್ಸ್‌ಆ್ಯಪ್ ವಿಷಯ ಚಿಕ್ಕದು. ಇಲಾಖೆ ಕಳಿಸುವ 'ಮುಂದಿನ ಮೂರು ಗಂಟೆಗಳ' ತುರ್ತು ಎಚ್ಚರಿಕೆ ಕುಟುಂಬದ ಗುಂಪಿಗೆ ಮೂರನೆಯ ದಿನ ಬರುತ್ತದೆ. ಕಳಿಸಿದ ಚಿಕ್ಕಪ್ಪನಿಗೆ ಹನ್ನೊಂದು ಮಂದಿ ಕೈಮುಗಿದಿರುತ್ತಾರೆ.

ತೋಟದವರ ಪಾಡಿಗೆ ಮಾತ್ರ ನಗು ಬರುವುದಿಲ್ಲ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿಯವರು ಮಳೆಯನ್ನು ಇಂದಿಗೂ ಇಂಚು-ಸೆಂಟಿನಲ್ಲಿ ಅಳೆಯುತ್ತಾರೆ. ನೂರು ಸೆಂಟು ಒಂದು ಇಂಚು, ಅಂದರೆ 25.4 ಮಿ.ಮೀ. ಫೆಬ್ರುವರಿ ಕೊನೆಯಿಂದ ಏಪ್ರಿಲ್ ನಡುವೆ ಕನಿಷ್ಠ ಒಂದು ಇಂಚು ಹೂಮಳೆ ಒಟ್ಟಿಗೇ ಬೀಳಬೇಕು. ಬಿದ್ದರೆ ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬಿಳಿ. ಆಮೇಲೆ ಎರಡು-ಮೂರು ವಾರದೊಳಗೆ ಬ್ಯಾಕಿಂಗ್ ಮಳೆ, ಅಂದರೆ ಹೂವಿಗೆ ಬೆಂಬಲವಾಗಿ ಬೇಕಾದ ಎರಡನೆಯ ಮಳೆ, ಬಂದರೆ ಕಾಯಿ ಕಚ್ಚುತ್ತದೆ. ಇಪ್ಪತ್ತು ಸೆಂಟು ಉದುರಿಸಿ ಮೋಡ ಚದುರಿದರೆ ಬಾರದ ಮಳೆಗಿಂತ ಅದು ಕಡೆ. ಮೊಗ್ಗಿಗೆ ಎಚ್ಚರವಾಗುತ್ತದೆ, ಅರಳಲು ನೀರು ಸಾಲದು. ಇಪ್ಪತ್ತು ಸೆಂಟು ಎಂದರೆ 5 ಮಿ.ಮೀ., ಹಗುರ ಮಳೆ. ಒಂದು ಇಂಚು ಸಾಧಾರಣ ಮಳೆ. 'ಹಗುರದಿಂದ ಸಾಧಾರಣ' ಎಂಬ ಒಂದೇ ಉಸಿರಿನೊಳಗೆ ಅವರ ಇಡೀ ವರ್ಷದ ಫಸಲು ಇದೆ, ಇಲ್ಲವೂ ಇದೆ. ರಾತ್ರಿ ಸ್ಪ್ರಿಂಕ್ಲರ್ ಹಾಕಿ ಡೀಸೆಲ್ ಸುಡಬೇಕೇ, ನಾಳೆಯ ಮೋಡ ನಂಬಬೇಕೇ ಎಂದು ತಿಳಿಯಲು ಟಿವಿ ಹಾಕಿದರೆ ಅಲ್ಲಿ ಲಾಲ್‌ಬಾಗ್‌ನಲ್ಲಿ ನೆನೆಯುತ್ತಿರುವ ಯುವಜೋಡಿ. ಅತ್ತ ವಿಜಯಪುರದಲ್ಲಿ ದ್ರಾಕ್ಷಿ ಒಣಗಲು ಹಾಕಿದವರಿಗೆ ಇದೇ ಮಳೆ ಬೇಡವೇ ಬೇಡ. ತೇವ ತಾಗಿದರೆ ಒಣದ್ರಾಕ್ಷಿಯ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ದರ ಬೀಳುತ್ತದೆ. ಶ್ರೀನಿವಾಸಪುರದ ಮಾವಿನವರಿಗೆ ಮಳೆಗಿಂತ ಗಾಳಿಯ ಭಯ. ಪರದೆಯ ಮೇಲೆ ಮೂವರಿಗೂ ಒಂದೇ ಶೀರ್ಷಿಕೆ: 'ತಂಪೆರೆದ ವರುಣ'.

ಅಳತೆಗೆ ಮಾತ್ರ ನಮ್ಮಲ್ಲಿ ಕೊರತೆಯಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟಕ್ಕೂ ಸ್ವಯಂಚಾಲಿತ ಮಳೆಮಾಪಕ ಇಟ್ಟಿದೆ. ಅಂಥವು ಆರು ಸಾವಿರಕ್ಕೂ ಹೆಚ್ಚಿವೆ, ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ಇವುಗಳಲ್ಲಿ ಆಲಿಕೆಯ ಕೆಳಗೆ ಪುಟ್ಟ ಬಟ್ಟಲು, ತುಂಬಿದಾಗಲೊಮ್ಮೆ ಮಗುಚುತ್ತದೆ, ಮಗುಚಿದ್ದೆಷ್ಟು ಸಲ ಎಂಬುದೇ ಮಳೆ. ಆಲಿಕೆಗೆ ಮಾವಿನೆಲೆ ಬಿದ್ದರೆ, ಬಟ್ಟಲಿನ ಸಂದಿಯಲ್ಲಿ ಜೇಡ ಬಲೆ ಕಟ್ಟಿದರೆ ಆ ಪಂಚಾಯಿತಿಗೆ ಬರಗಾಲ. ಹವಾಮಾನ ಆಧಾರಿತ ಬೆಳೆವಿಮೆಯ ಪರಿಹಾರ ಇಂಥ ಮಾಪಕದ ಲೆಕ್ಕದ ಮೇಲೆ ನಿಂತಿರುವುದರಿಂದ ಅಡಿಕೆ ಬೆಳೆಗಾರನ ಹಣೆಬರಹ ಕೊನೆಗೆ ಜೇಡದ ಕೈಯಲ್ಲಿ. ಅದಕ್ಕೆ ಕಾಲು ಎಂಟಿವೆ, ಆದರೂ ಹಿಡಿಯಲು ಸಿಗುವುದಿಲ್ಲ.

ಕೊನೆಯ ನಿಲ್ದಾಣ ಪಾಲಿಕೆ. ಅಲ್ಲಿ ಎಲ್ಲ ಬೇಸಿಗೆ ಮಳೆಯೂ 'ಅಕಾಲಿಕ', 'ಅನಿರೀಕ್ಷಿತ'. ಬೆಂಗಳೂರಿನ ಮೇ ತಿಂಗಳ ವಾಡಿಕೆ ಮಳೆಯೇ 100 ಮಿ.ಮೀ. ಮೀರುತ್ತದೆ. ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ ಅಂತ ಲೆಕ್ಕ ಇಟ್ಟಿದ್ದ ಹಿರಿಯರ ಬಳಿ ಉಪಗ್ರಹ ಇರಲಿಲ್ಲ. 2024ರ ಜೂನ್ 2ರಂದು ಒಂದೇ ದಿನ 111.1 ಮಿ.ಮೀ. ಸುರಿದಾಗಲೂ ಅನಿರೀಕ್ಷಿತ. 2025ರ ಮೇನಲ್ಲಿ ಒಂದೇ ರಾತ್ರಿಯ ಮಳೆಗೆ ಹೊರಮಾವಿನ ಸಾಯಿ ಲೇಔಟ್ ಮುಳುಗಿದಾಗಲೂ ಅನಿರೀಕ್ಷಿತ. ದೋಣಿ ಅಲ್ಲಿಗೆ ದಾರಿ ಕೇಳದೆ ಬರುತ್ತದೆ.

ನೂರು ಮಿ.ಮೀ. ಬೇಕಿಲ್ಲ, ಅರ್ಧ ಗಂಟೆಯಲ್ಲಿ 20 ಮಿ.ಮೀ. ಬಂದರೂ ಸಾಕು. ಒಂದು ಮಿ.ಮೀ. ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್. 30x40 ಸೈಟಿನ ಮೇಲೆ 20 ಮಿ.ಮೀ. ಬಿದ್ದರೆ 2,200 ಲೀಟರಿಗಿಂತ ಹೆಚ್ಚು, ಅಷ್ಟೂ ಒಮ್ಮೆಗೇ ಬೀದಿಗೆ. ಮನೆಯವರು ಅದನ್ನು ಕಿಟಕಿಯಿಂದ ನೋಡುತ್ತ ಟ್ಯಾಂಕರಿಗೆ ಫೋನ್ ಹಚ್ಚಿರುತ್ತಾರೆ. ಬೀದಿಯಲ್ಲಿ ನೀರಿಳಿಯುವ ಕಿಂಡಿ ಇರುತ್ತದೆ. ಹಳೆ ಟಾರು ಕೆರೆಯದೆ ಹೊಸ ಟಾರು ಹಾಕಿದ್ದರಿಂದ ಅದು ಎಲ್ಲೋ ತಗ್ಗಿನಲ್ಲಿ ಮುಚ್ಚಿಹೋಗಿರುತ್ತದೆ, ಇಲ್ಲವೇ ಸಿಮೆಂಟಿನ ಅಂಚು ನೀರಿಗಿಂತ ಮೇಲಿರುತ್ತದೆ. ತೆರೆದಿದ್ದ ನಾಲ್ಕು ಕಿಂಡಿಗೆ ಗುಲ್ಮೊಹರ್ ಎಸಳು ಮತ್ತು ಹಾಲಿನ ಕವರ್. ಅಂಡರ್‌ಪಾಸಿನ ಪಂಪು ವಿದ್ಯುತ್ತಿನಿಂದ ಓಡುತ್ತದೆ. ಗಾಳಿಗೆ ಮರ ಬಿದ್ದು ಮೊದಲು ಹೋಗುವುದು ವಿದ್ಯುತ್ತೇ.

ಇದಕ್ಕೆಲ್ಲ ಮದ್ದೆಂದು ಮುಂಗಾರು ಪೂರ್ವಸಿದ್ಧತಾ ಸಭೆ ಇದೆ. ಮುಂಗಾರು ಕೇರಳ ಮುಟ್ಟುವ ವಾಡಿಕೆಯ ದಿನ ಜೂನ್ 1. ಅದನ್ನು ನಂಬಿ ಮೇ ಕೊನೆಯ ವಾರಕ್ಕೆ ಸಭೆ ಇಟ್ಟುಕೊಂಡವರಿಗೆ 2025ರಲ್ಲಿ ಮಳೆ ದ್ರೋಹ ಬಗೆದು ಮೇ 24ಕ್ಕೇ ಬಂದಿಳಿಯಿತು. ಸಭೆಯಲ್ಲಿ ರಾಜಕಾಲುವೆಯ ಹೂಳು ತೆಗೆಯಲು ಅಲ್ಪಾವಧಿ ಟೆಂಡರ್ ಆಗುತ್ತದೆ. ಜೆಸಿಬಿ ಬಂದು ಹೂಳೆತ್ತಿ ಕಾಲುವೆಯ ದಂಡೆಯ ಮೇಲೇ ಗುಡ್ಡೆ ಹಾಕುತ್ತದೆ. ಒಣಗಿದರೆ ಸಾಗಿಸಲು ಸಲೀಸು ಎಂಬುದು ಎಂಜಿನಿಯರರ ವಾದ, ತಾಂತ್ರಿಕವಾಗಿ ಸರಿಯೂ ಹೌದು. ಗುಡ್ಡೆಯ ಉದ್ದ, ಅಗಲ, ಎತ್ತರ ಅಳೆದು ಘನ ಮೀಟರಿನಲ್ಲಿ ಬಿಲ್ಲು ಬರೆಯುತ್ತಾರೆ, ಫೋಟೊ ಲಗತ್ತಿಸುತ್ತಾರೆ. ಲಾರಿ ಬರುವ ಹಿಂದಿನ ಸಂಜೆ ಮೋಡ ಕಟ್ಟಿ ಗುಡ್ಡೆ ಕರಗಿ ಕಾಲುವೆಗೆ ಇಳಿಯುತ್ತದೆ. ಅದನ್ನು ಎರಡನೆಯ ಸಲ ಎತ್ತಲು ಪೂರಕ ಅಂದಾಜುಪಟ್ಟಿ ಮಾತ್ರ ಮೊದಲೇ ತಯಾರಿರುತ್ತದೆ.