ಉಪ್ಪಿನಕಾಯಿಗೆ ಉಪ್ಪು ಎಷ್ಟು ಅಂತ ಒಬ್ಬರೂ ಕೇಳಲಿಲ್ಲ

ಇವತ್ತು ಬೆಳಿಗ್ಗೆ ಒಲೆಯ ಮೇಲೆ ಉಪ್ಪುನೀರು ಕುದಿಯುತ್ತಿತ್ತು. ಆಗ ಫೋನ್ ಬಂತು. ‘ಮೇಡಂ, ನಿಮ್ಮ ಫುಡ್ ಲೈಸೆನ್ಸ್ ಮುಗೀತಾ ಬಂದಿದೆ. ಈ ವಾರ ಮಾಡಿಸದಿದ್ದರೆ ಕೇಸ್ ಆಗುತ್ತೆ. 3,500 ಕಳಿಸಿ, ಮಿಕ್ಕಿದ್ದು ನಾನು ನೋಡ್ಕೋತೀನಿ.’

ನನ್ನ ಹತ್ತಿರ ಲೈಸೆನ್ಸ್ ಇಲ್ಲ. ನನಗೆ ಅದು ಬೇಕಾಗಿಯೂ ಇಲ್ಲ. ನನ್ನದು ನೋಂದಣಿ, 2028ರವರೆಗೆ ಇದೆ. ಇಷ್ಟು ಹೇಳಿದ ಕೂಡಲೇ ಆ ಕಡೆ ಫೋನ್ ಕಟ್ಟಾಯಿತು. ನನ್ನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಯಾಕೆಂದರೆ 2022ರಲ್ಲಿ ಇಂಥದ್ದೇ ಮಾತಿಗೆ ಹೆದರಿ ನಾನು ದುಡ್ಡು ಕಳಿಸಿದವಳು.

ನನ್ನ ತವರು ಸಾಗರದ ಕಡೆ. ಅಮ್ಮನಿಂದ ಕಲಿತ ಮಿಡಿ ಉಪ್ಪಿನಕಾಯಿ, ಅನಾನಸ್ ಗೊಜ್ಜು, ಸ್ವಲ್ಪ ಜಾಮ್, ಜೊತೆಗೆ ಸಣ್ಣ ಓವನ್ನಿನಲ್ಲಿ ಮಾಡಿದ ರಾಗಿ ಬಿಸ್ಕತ್ತು, ಬಾಳೆಹಣ್ಣಿನ ಕೇಕ್. ಇವನ್ನು ಬಾಡಿಗೆ ಮನೆಯ ಅಡುಗೆಮನೆಯಲ್ಲೇ ಮಾಡಿ ಮಾರುತ್ತೇನೆ. ಒಳ್ಳೆಯ ತಿಂಗಳಿನಲ್ಲಿ ಹನ್ನೆರಡು ಸಾವಿರದ ವ್ಯಾಪಾರ. ಮೊದಲು ಪರಿಚಯದವರಿಗೆ ಮಾತ್ರ ಕೊಡುತ್ತಿದ್ದೆ. ಆಮೇಲೆ ಹತ್ತಿರದ ಒಂದು ಅಂಗಡಿಯವರು ಕೇಳಿದರು. ಆಗ ಶುರುವಾಯಿತು ನೋಡಿ.

ನಮ್ಮ ಹೆಂಗಸರ ವಾಟ್ಸಾಪ್ ಗುಂಪಿಗೆ ಯಾರೋ ಒಂದು ಸಂದೇಶ ಹಾಕಿದರು. ‘ಲೈಸೆನ್ಸ್ ಇಲ್ಲದೆ ಮನೆಯಲ್ಲಿ ತಿಂಡಿ ಮಾಡಿ ಮಾರಿದರೆ 6 ತಿಂಗಳು ಜೈಲು, 5 ಲಕ್ಷ ದಂಡ. ಸೆಕ್ಷನ್ 63.’ ಕೆಂಪು ಅಕ್ಷರ, ಕೆಳಗೆ ಒಂದು ಫೋನ್ ನಂಬರ್. ಗುಂಪಿನಲ್ಲಿ ಹೋಳಿಗೆ ಮಾಡುವವರು, ಹಪ್ಪಳ ಒತ್ತುವವರು, ಕೇಕ್ ಮಾಡುವವರು ಎಲ್ಲ ಇದ್ದರು. ಒಬ್ಬರು ಅವತ್ತೇ ವ್ಯಾಪಾರ ನಿಲ್ಲಿಸಿಬಿಟ್ಟರು. ವಯಸ್ಸಾದವರು, ಗಂಡ ಇಲ್ಲ. ಹಪ್ಪಳದ ದುಡ್ಡಲ್ಲೇ ಔಷಧಿ ತರುತ್ತಿದ್ದರು. ‘ಈ ವಯಸ್ಸಲ್ಲಿ ಸ್ಟೇಷನ್ ಮೆಟ್ಟಿಲು ಹತ್ತೋದು ಬೇಡ ಕಣಮ್ಮ’ ಅಂದರು. ನಾನು ಹೆದರಿ ಆ ನಂಬರಿಗೆ ಫೋನ್ ಮಾಡಿದೆ. ಆಧಾರ್, ಫೋಟೋ, 3,500 ರೂಪಾಯಿ ಕಳಿಸಿದೆ. ಹದಿನೈದು ದಿನದಲ್ಲಿ 14 ಅಂಕಿಯ ಒಂದು ನೋಂದಣಿ ನಂಬರ್ ಬಂತು. ಅದನ್ನು ಪ್ರಿಂಟ್ ತೆಗೆಸಿ ದೇವರ ಮುಂದೆ ಇಟ್ಟಿದ್ದೆ.

ಸರ್ಕಾರಕ್ಕೆ ಕಟ್ಟಬೇಕಾಗಿದ್ದ ಶುಲ್ಕ ವರ್ಷಕ್ಕೆ 100 ರೂಪಾಯಿ. ನೂರೇ ನೂರು. ಐದು ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ 500. ಅವನು ನನ್ನ ಹೆಸರಿನಲ್ಲಿ ಒಂದು ವರ್ಷಕ್ಕೆ ಮಾತ್ರ ಕಟ್ಟಿದ್ದ. ಅದನ್ನು ನನಗೆ ಹೇಳಲೇ ಇಲ್ಲ. ಮುಂದಿನ ವರ್ಷ ಅಂಗಡಿಯವರು ‘ನಿಮ್ಮ ನಂಬರ್ ಸತ್ತಿದೆ’ ಅಂತ ಬಾಟಲಿಗಳನ್ನು ವಾಪಸ್ ಕೊಟ್ಟಾಗಲೇ ಗೊತ್ತಾಗಿದ್ದು. ಅವನಿಗೆ ಫೋನ್ ಮಾಡಿದರೆ ಮತ್ತೆ 3,500 ಕೇಳಿದ.

ಆ ರಾತ್ರಿ ಕೂತು ಕಾನೂನು ಓದಿದೆ. ನಾನು ವಕೀಲೆ ಅಲ್ಲ, ಬಿ.ಕಾಂ. ಓದಿದವಳು. ನನಗೇ ಅರ್ಥವಾಗುವಷ್ಟು ಸರಳವಾಗಿದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 31ನೇ ಸೆಕ್ಷನ್ನಿನ ಎರಡನೇ ಉಪವಿಭಾಗ ನೋಡಿ. ತಾನೇ ಮಾಡಿ ಮಾರುವ ಸಣ್ಣ ತಯಾರಕರಿಗೆ ಲೈಸೆನ್ಸ್ ಬೇಡ, ನೋಂದಣಿ ಸಾಕು ಅಂತ ಅಲ್ಲಿದೆ. ಸಣ್ಣ ತಯಾರಕರು ಅಂದರೆ ಯಾರು ಅನ್ನುವುದು 2011ರ ನಿಯಮಗಳಲ್ಲಿದೆ. ನಾನು ಅರ್ಜಿ ಹಾಕಿದ 2023ರಲ್ಲಿ ವರ್ಷಕ್ಕೆ 12 ಲಕ್ಷದವರೆಗೆ ವ್ಯಾಪಾರ, ದಿನಕ್ಕೆ 100 ಕಿಲೋವರೆಗೆ ತಯಾರಿ ಅಂತ ಮಿತಿ ಇತ್ತು. ನಾನು ವರ್ಷವಿಡೀ ಮಾಡಿದರೂ ಅದರ ಹತ್ತಿರ ಹೋಗುವುದಿಲ್ಲ.

ಇನ್ನು ಆ ಸೆಕ್ಷನ್ 63. ನಮ್ಮನ್ನೆಲ್ಲ ನಡುಗಿಸಿದ ಸೆಕ್ಷನ್. ಅದರ ಮೊದಲ ಸಾಲಿನಲ್ಲೇ ಒಂದು ಆವರಣ (ಬ್ರಾಕೆಟ್) ಇದೆ. 31(2)ರ ಪ್ರಕಾರ ಲೈಸೆನ್ಸ್‌ನಿಂದ ವಿನಾಯಿತಿ ಇರುವವರನ್ನು ಬಿಟ್ಟು ಅಂತ. ಬಿಟ್ಟು! ಲೈಸೆನ್ಸ್ ಇಲ್ಲ ಅನ್ನುವ ಕಾರಣಕ್ಕೆ ಹಪ್ಪಳದ ಅಜ್ಜಿಯನ್ನು ಜೈಲಿಗೆ ಹಾಕುವ ಸೆಕ್ಷನ್ ಅದಲ್ಲವೇ ಅಲ್ಲ. ಆ ಸಂದೇಶ ಬರೆದವನಿಗೆ ಇದು ಗೊತ್ತಿರಲಿಲ್ಲವಾ? ಇದೇ ವ್ಯಾಪಾರ ಮಾಡುವವನಿಗೆ ಗೊತ್ತಿಲ್ಲದೆ ಇರುತ್ತದಾ? ಅವರು ಜೈಲಿನ ಮಾತನ್ನು ಇಟ್ಟುಕೊಂಡು ಆವರಣದ ಮಾತನ್ನು ಬಿಟ್ಟರು. ನೋಂದಣಿ ಬೇಡ ಅಂತ ನಾನು ಹೇಳುತ್ತಿಲ್ಲ. ಬೇಕು, ಮಾಡಿಸಲೇಬೇಕು. ಆದರೆ ನೂರು ರೂಪಾಯಿಯ ಕೆಲಸಕ್ಕೆ ಜೈಲಿನ ಹೆದರಿಕೆ ಯಾಕೆ?

ಸರಿ, ಈ ಸಲ ನಾನೇ ಅರ್ಜಿ ಹಾಕುತ್ತೇನೆ ಅಂತ ಹೊರಟೆ. ಆಧಾರ್ ತವರಿನ ವಿಳಾಸದಲ್ಲಿದೆ. ಹಾಗಾಗಿ ಈ ಮನೆಯ ಬಾಡಿಗೆ ಕರಾರು ಬೇಕಾಯಿತು. ಮನೆ ಓನರ್ ಹತ್ತಿರ ಹೋದರೆ, ‘ನೋಡಮ್ಮಾ, ನೀನು ಉಪ್ಪಿನಕಾಯಿ ಹಾಕೋದಕ್ಕೆ ನನ್ನ ಅಡ್ಡಿ ಇಲ್ಲ. ಆದರೆ ಕಾಗದದಲ್ಲಿ ನನ್ನ ಮನೆ ನಂಬರ್ ಬೇಡ. ನಾಳೆ ಕಮರ್ಷಿಯಲ್ ಮೀಟರ್ ಹಾಕಿ ಅಂದರೆ ಬಿಲ್ ಯಾರು ಕಟ್ಟೋದು?’ ಅಂದರು. ಅವರ ಹೆದರಿಕೆ ಅವರದು. ಮೂರು ವಾರ ಬೇಡಿಕೊಂಡೆ. ಕೊನೆಗೆ ಅವರ ಹೆಂಡತಿ, ನನ್ನ ಗೊಜ್ಜು ತಿನ್ನುವವರು, ಹೇಳಿ ಸಹಿ ಹಾಕಿಸಿದರು.

ಅರ್ಜಿಯಲ್ಲಿ ಉಪ್ಪಿನಕಾಯಿ ‘ಹಣ್ಣು, ತರಕಾರಿ’ ವರ್ಗಕ್ಕೆ ಬರುತ್ತೆ, ಬಿಸ್ಕತ್ತು ‘ಬೇಕರಿ’ ವರ್ಗಕ್ಕೆ. ಅದು ತಿಳಿಯಲಿಕ್ಕೇ ಅರ್ಧ ದಿನ ಹೋಯಿತು. ದುಡ್ಡು ಕಟ್ಟಿ ಕಾದೆ. ಏಳು ದಿನದೊಳಗೆ ನೋಂದಣಿ ಕೊಡಬೇಕು, ಇಲ್ಲವೇ ಕಾರಣ ಬರೆದು ತಿರಸ್ಕರಿಸಬೇಕು, ಇಲ್ಲವೇ ತಪಾಸಣೆಗೆ ಬರುತ್ತೇವೆ ಅಂತ ನೋಟಿಸ್ ಕೊಡಬೇಕು. ಇದು ನಿಯಮ. ಏಳು ದಿನ ಹೋಯಿತು, ಹದಿನೈದು ಹೋಯಿತು, ಇಪ್ಪತ್ತೆಂಟನೇ ದಿನ ಕಚೇರಿಗೆ ಹೋದೆ. ಅಲ್ಲಿ ಕೂತಿದ್ದವರು ಕೇಳಿದ ಮೊದಲ ಪ್ರಶ್ನೆ, ‘ಯಾರ ಕಡೆಯಿಂದ ಬಂದಿದ್ದೀರಿ?’

‘ನನ್ನ ಕಡೆಯಿಂದಲೇ ಬಂದಿದ್ದೇನೆ ಸರ್’ ಅಂದೆ.

‘ಅದಕ್ಕೇ ಲೇಟ್. ಹೊರಗೆ ಮಾಡಿಸೋರು ಇದಾರಲ್ಲ, ಅವರ ಹತ್ತಿರ ಕೊಡಿ. ನಿಮಗೂ ಸುಲಭ.’

ಕಣ್ಣಲ್ಲಿ ನೀರು ಬಂತು. ಅತ್ತಿದ್ದು ದುಃಖಕ್ಕಲ್ಲ. ಅದೇ ನಿಯಮಗಳಲ್ಲಿ ಇನ್ನೊಂದು ಸಾಲು ಇದೆ, ದಯವಿಟ್ಟು ಎಲ್ಲರೂ ಬರೆದಿಟ್ಟುಕೊಳ್ಳಿ. ಏಳು ದಿನದಲ್ಲಿ ಈ ಮೂರರಲ್ಲಿ ಯಾವುದೂ ಆಗದಿದ್ದರೆ ಸಣ್ಣ ತಯಾರಕರು ವ್ಯಾಪಾರ ಶುರು ಮಾಡಬಹುದು. ತಪಾಸಣೆ ಅಂತ ಹೇಳಿ 30 ದಿನದಲ್ಲಿ ಏನೂ ತಿಳಿಸದಿದ್ದರೂ ಅಷ್ಟೇ. ಆಮೇಲೆ ಅವರು ಸುಧಾರಣೆ ಹೇಳಿದರೆ ಅದನ್ನು ಪಾಲಿಸಬೇಕು, ಅಷ್ಟೇ. ಎಂಥ ಒಳ್ಳೆಯ ನಿಯಮ ಅಲ್ವಾ? ಬರೆದವರು ನಮ್ಮಂಥವರನ್ನು ನೆನೆದೇ ಬರೆದಿದ್ದಾರೆ. ಅದನ್ನು ಪ್ರಿಂಟ್ ಮಾಡಿಸಿಕೊಂಡು ಮರುದಿನ ಮತ್ತೆ ಹೋದೆ. ಮೇಜಿನ ಮೇಲಿಟ್ಟೆ. ನಾಲ್ಕು ದಿನಕ್ಕೆ ನೋಂದಣಿ ಬಂತು.

ಲೇಬಲ್ ವಿಷಯ ಜಾಸ್ತಿ ಹೇಳುವುದಿಲ್ಲ. ಒಂದೇ ಮಾತು. ತೂಕದ ಮುಂದೆ ‘ಜಿಎಂಎಸ್’ ಅಂತ ಇಂಗ್ಲಿಷಿನಲ್ಲಿ ಹಾಕಿಸಿದ್ದೆ. ಅಂಗಡಿಗೆ ಬಂದ ಒಬ್ಬ ಅಧಿಕಾರಿ, ಅದು ತಪ್ಪು, ಗ್ರಾಂಗೆ ಬರೀ ‘ಜಿ’ ಅಂತಿರಬೇಕು ಅಂದರಂತೆ. ಅಳತೆ ಮತ್ತು ತೂಕದ ಕಾನೂನಿನಲ್ಲಿ ಹಾಗೇ ಇದೆ. ಒಪ್ಪಿದೆ. 500 ಲೇಬಲ್ ಒಲೆಗೆ ಹೋಯಿತು.

ಈಗ ನನ್ನ ನಿಜವಾದ ಸಂಕಟಕ್ಕೆ ಬರುತ್ತೇನೆ.

ಆಧಾರ್ ಕೇಳಿದರು, ಫೋಟೋ ಕೇಳಿದರು, ಕರಾರು ಕೇಳಿದರು, ಲೇಬಲ್‌ನ ಅಕ್ಷರ ನೋಡಿದರು. ನನ್ನ ಉಪ್ಪಿನಕಾಯಿಗೆ ಎಷ್ಟು ಉಪ್ಪು ಹಾಕುತ್ತೀಯ ಅಂತ ಇಷ್ಟರಲ್ಲಿ ಒಬ್ಬರೂ ಕೇಳಲಿಲ್ಲ. ಒಬ್ಬರೂ.

ಮಿಡಿ ಉಪ್ಪಿನಕಾಯಿ ಹಾಕುವ ಮನೆಯಲ್ಲಿ ಹುಟ್ಟಿದವರಿಗೆ ಗೊತ್ತು, ಎಲ್ಲ ಇರುವುದೇ ಉಪ್ಪಿನಲ್ಲಿ. ಜೀರಿಗೆ ಮಿಡಿ ಆಗಲಿ, ಅನಂತಭಟ್ಟನ ಅಪ್ಪೆ ಆಗಲಿ, ಮರದಿಂದ ಕೈಯಲ್ಲಿ ಕೊಯ್ದಿರಬೇಕು, ತೊಟ್ಟು ಇರಬೇಕು. ನೆಲಕ್ಕೆ ಬಿದ್ದ ಒಂದು ಮಿಡಿ ಸೇರಿದರೆ ಜಾಡಿಯೇ ಹಾಳು. ಕಲ್ಲುಪ್ಪಿನ ಒಂದು ಪದರ, ಮಿಡಿಯ ಒಂದು ಪದರ. ಮಿಡಿ ಮುರುಟಿ ನೀರು ಬಿಡುವವರೆಗೆ ಕಾಯಬೇಕು. ಆ ನೀರನ್ನು ಕುದಿಸಿ, ಪೂರ್ತಿ ಆರಿಸಿ, ಅದರಲ್ಲೇ ಸಾಸಿವೆ, ಮೆಣಸು ಅರೆಯಬೇಕು. ಒದ್ದೆ ಸೌಟು ತಾಗಿಸಿದರೆ ಅಮ್ಮ ಕೈ ಮೇಲೆ ಹೊಡೆಯುತ್ತಿದ್ದರು. ಅವರ ಅಳತೆ ಸೇರು, ಮುಷ್ಟಿ. ಆದರೆ ಆ ಅಳತೆಯಲ್ಲಿ ಹಾಕಿದ ಜಾಡಿ ಎರಡು ವರ್ಷ ಕೆಡಲಿಲ್ಲ.

ಉಪ್ಪುನೀರಿನ ಉಪ್ಪಿನಕಾಯಿಯಲ್ಲಿ ಉಪ್ಪು ಶೇ 12ಕ್ಕಿಂತ ಕಡಿಮೆ ಇರಬಾರದು. ಇದು ನಮ್ಮ ದೇಶದ ಗುಣಮಟ್ಟದ ನಿಯಮದಲ್ಲೇ ಇದೆ! ಜಾಮ್‌ನಲ್ಲಿ ಸಕ್ಕರೆ ಸೇರಿದಂತೆ ಕರಗಿದ ಅಂಶ ಶೇ 65 ಇರಬೇಕು ಅಂತಲೂ ಇದೆ. ಅಂದರೆ ಅಮ್ಮನ ಮುಷ್ಟಿಗೆ ಸರ್ಕಾರದ ಪುಸ್ತಕದಲ್ಲಿ ಒಂದು ಸಂಖ್ಯೆ ಇದೆ. ನನಗೆ ಹೇಳಬೇಕಾಗಿದ್ದು ಅದನ್ನು. ಕಚೇರಿಯ ಗೋಡೆಗೆ ಕನ್ನಡದಲ್ಲಿ ಒಂದು ಹಾಳೆ ಅಂಟಿಸಿದ್ದರೆ ಸಾಕಿತ್ತು. ‘ಬಾಳೆಹಣ್ಣಿನ ಕೇಕಿಗೆ ಎಷ್ಟು ದಿನದ ತಾರೀಕು ಹಾಕಲಿ ಸರ್?’ ಅಂತ ನಾನೇ ಕೇಳಿದ್ದೆ. ‘ಏನಾದರೂ ಒಂದು ಹಾಕಿ’ ಅಂದರು. ಮಕ್ಕಳ ಹುಟ್ಟುಹಬ್ಬಕ್ಕೆ ಹೋಗುವ ಕೇಕ್ ಅದು. ಏನಾದರೂ ಒಂದು ಅಂದರೆ ಏನರ್ಥ?

ನನ್ನ ನಾದಿನಿ ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾಳೆ. ಅವಳೂ ಮನೆಯಲ್ಲೇ ಬಿಸ್ಕತ್ತು, ಉಪ್ಪಿನಕಾಯಿ ಮಾಡಿ ವಾರದ ಸಂತೆಯಲ್ಲಿ ಮಾರುತ್ತಾಳೆ. ಅಲ್ಲಿ ಇದಕ್ಕೆ ಲೈಸೆನ್ಸೇ ಬೇಡ. 2011ರಿಂದ ಬ್ರೆಡ್ಡು, ಬಿಸ್ಕತ್ತಿಗೆ ಆ ಕಾನೂನು ಇದೆ. 2019ರಲ್ಲಿ ಎಲ್ಲ ಥರದ ಉಪ್ಪಿನಕಾಯಿಯನ್ನೂ ಸೇರಿಸಿದರು. ಆದರೆ ಆಹಾರ ಮುಟ್ಟುವವರ ತರಬೇತಿ ಮಾಡಿರಬೇಕು. ಇದು ಮನೆಯಲ್ಲಿ ಮಾಡಿದ್ದು, ಸರ್ಕಾರ ತಪಾಸಣೆ ಮಾಡಿಲ್ಲ ಅಂತ ಲೇಬಲ್ ಮೇಲೆ ನೇರವಾಗಿ ಬರೆಯಬೇಕು. ಉಪ್ಪಿನಕಾಯಿಯನ್ನು ಒಪ್ಪಿಗೆ ಪಡೆದ ವಿಧಾನದಲ್ಲಿ ಮಾಡಿರಬೇಕು, ಇಲ್ಲವೇ ಪ್ರತಿ ಸಲ ಹುಳಿ ಅಳೆದಿರಬೇಕು. ಪಿಎಚ್ ಅಂದರೆ ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಆ ಸಂಖ್ಯೆ ಕಡಿಮೆ. ಅದು 4.6ಕ್ಕಿಂತ ಮೇಲೆ ಹೋಗಬಾರದು. ಪ್ರತಿ ಸಲ ಮಾಡಿದ್ದರ ಲೆಕ್ಕ ಒಂದು ವರ್ಷ ಇಟ್ಟಿರಬೇಕು. ‘ಅತ್ತಿಗೆ, ಇಲ್ಲಿ ಯಾರೂ ನನ್ನ ಮನೆ ಓನರ್ ಸಹಿ ಕೇಳಲಿಲ್ಲ, ಹುಳಿ ಎಷ್ಟು ಅಂತ ಕೇಳಿದರು’ ಅಂದಳು. ಆ ಮಾತು ಕೇಳಿ ನನಗೆ ಹೊಟ್ಟೆಕಿಚ್ಚಾಯಿತು. ಅಲ್ಲಿನ ದೇಶ ದೊಡ್ಡದು ಅಂತ ಹೇಳುತ್ತಿಲ್ಲ. ಕೇಳಬೇಕಾದ ಪ್ರಶ್ನೆಯನ್ನು ಅವರು ಕೇಳುತ್ತಾರೆ.

ಆ 4.6 ಯಾಕೆ ಅಂತ ಅವಳೇ ವಿವರಿಸಿದಳು. ಗಾಳಿ ಆಡದಂತೆ ಮುಚ್ಚಿದ ಬಾಟಲಿಯಲ್ಲಿ, ಹುಳಿ ಕಡಿಮೆ ಇದ್ದರೆ, ಬಾಟುಲಿಸಂ ತರುವ ಒಂದು ಬ್ಯಾಕ್ಟೀರಿಯಾ ಬೆಳೆದು ವಿಷ ಮಾಡುತ್ತೆ. ವಾಸನೆ ಬರದೇ ಇರಬಹುದು, ರುಚಿಯಲ್ಲೂ ಗೊತ್ತಾಗದೇ ಇರಬಹುದು. ಉಸಿರಾಟವೇ ನಿಲ್ಲುವ ಕಾಯಿಲೆ. ಸುಮ್ನೆ ಕುದಿಸಿದರೆ ಅದರ ಬೀಜಾಣು ಸಾಯುವುದಿಲ್ಲ, ಒತ್ತಡದಲ್ಲಿ 121 ಡಿಗ್ರಿಯ ಶಾಖ ಬೇಕು. ನಾನು ಬಿ.ಕಾಂ. ಓದಿದವಳು, ಮೂರು ವರ್ಷದಿಂದ ಬಾಟಲಿ ಮುಚ್ಚಿ ಮಾರುತ್ತಿದ್ದವಳು. ನನಗೆ ಇದು ಗೊತ್ತಿರಲಿಲ್ಲ.

ಹಿಂದಿನ ಬೀದಿಯಲ್ಲಿ ಒಬ್ಬಳಿದ್ದಾಳೆ, ಒಳ್ಳೆಯ ಹುಡುಗಿ, ಎರಡು ಸಣ್ಣ ಮಕ್ಕಳು. ಏಜೆಂಟ್‌ಗೆ ದುಡ್ಡು ಕೊಡಬೇಡ, ನಾನೇ ತುಂಬಿಕೊಡುತ್ತೇನೆ ಅಂತ ಅವಳ ಅರ್ಜಿಯನ್ನು ನಾನು ತುಂಬಿದ್ದೆ. ಅವಳಿಗೂ ನಂಬರ್ ಬಂತು. ಖುಷಿಪಟ್ಟಿದ್ದೆ. ಕಳೆದ ತಿಂಗಳು ಅವಳ ಮನೆಗೆ ಹೋದರೆ ಮೇಜಿನ ಮೇಲೆ ಸಾಲಾಗಿ ಬಾಟಲಿಗಳು. ಹಸಿ ಬೆಳ್ಳುಳ್ಳಿ ಎಸಳನ್ನು ಎಣ್ಣೆಯಲ್ಲಿ ಮುಳುಗಿಸಿ ಬಿಗಿಯಾಗಿ ಮುಚ್ಚಿದ್ದಳು. ಹುಳಿ ಇಲ್ಲ, ಉಪ್ಪಿಲ್ಲ. ಲೇಬಲ್ ಮೇಲೆ ‘ಫ್ರಿಜ್ ಬೇಡ, ಆರು ತಿಂಗಳು’ ಅಂತ ಬರೆದಿತ್ತು. ತೂಕದ ಮುಂದೆ ಸರಿಯಾಗಿ ‘ಜಿ’ ಇತ್ತು. ಕೆಳಗೆ 14 ಅಂಕಿ.

ನನ್ನ ಕೈಕಾಲು ತಣ್ಣಗಾಯಿತು. ಹೀಗೆ ಹೊರಗಿಟ್ಟು ಮಾರಬಾರದು ಅಂದೆ.

‘ಅಕ್ಕಾ, ಇದಕ್ಕೆ ನಂಬರ್ ಕೊಟ್ಟಿದ್ದಾರಲ್ವಾ? ಸರ್ಕಾರದವರು ನೋಡಿಯೇ ಕೊಟ್ಟಿರ್ತಾರೆ.’

‘ಯಾರೂ ನೋಡಿಲ್ಲ ಕಣೇ’ ಅಂದೆ. ‘ಅರ್ಜಿ ತುಂಬಿದವಳು ನಾನು. ನಾನೂ ನೋಡಿರಲಿಲ್ಲ.’

ಅಂಗಡಿಗೆ ಕೊಟ್ಟಿದ್ದ ಹನ್ನೆರಡು ಬಾಟಲಿ ವಾಪಸ್ ತರಲು ಇಬ್ಬರೂ ಅವಳ ಸ್ಕೂಟರಿನಲ್ಲೇ ಹೋದೆವು. ಏಳು ಸಿಕ್ಕಿತು. ಐದು ಮಾರಾಟವಾಗಿತ್ತು. ಯಾರು ತೆಗೆದುಕೊಂಡರು ಅಂತ ಅಂಗಡಿಯವರಿಗೆ ನೆನಪಿಲ್ಲ.