ನಗುಮುಖಕ್ಕೆ ಎಷ್ಟು ಅಂಕ?

ಈ ವರ್ಷದ ಅಪ್ರೈಸಲ್‌ನಲ್ಲಿ, ಅಂದರೆ ಕೆಲಸದ ಮೌಲ್ಯಮಾಪನದಲ್ಲಿ, ನನಗೆ ಐದಕ್ಕೆ ಎರಡು. ಯಾಕೆ ಅಂತ ಕೇಳಿದರೆ, "ಫೀಡ್‌ಬ್ಯಾಕ್ ಫಾರ್ಮ್ ಟಾರ್ಗೆಟ್ ಮುಟ್ಟಿಲ್ಲ ಸಿಸ್ಟರ್" ಅಂದರು ಎಚ್‌ಆರ್ ಸಾಹೇಬರು. ಅಲ್ಲ ಸ್ವಾಮಿ, ಐಸಿಯುನಲ್ಲಿ ವೆಂಟಿಲೇಟರ್ ಮೇಲಿರುವವರ ಕೈಗೆ ಪೆನ್ನು ಕೊಟ್ಟು "ನಮ್ಮ ಸೇವೆ ಹೇಗಿತ್ತು?" ಅನ್ನಬೇಕಿತ್ತಾ?

ರಾತ್ರಿ ಪಾಳಿಯಲ್ಲಿ ಇಬ್ಬರ ಕೆಲಸ ಒಬ್ಬಳೇ ಮಾಡಿದ್ದಕ್ಕೆ ಅಪ್ರೈಸಲ್ ಫಾರ್ಮ್‌ನಲ್ಲಿ ಕಾಲಂ ಇಲ್ಲ. ನಡುಗುವ ಅಜ್ಜಿಯ ಕೈಯಲ್ಲಿ ನರ ಹುಡುಕಿ, ಒಂದೇ ಸಲಕ್ಕೆ ಕ್ಯಾನುಲಾ ಹಾಕಿ, ಪ್ಲಾಸ್ಟರ್ ಅಂಟಿಸಿ, "ಆಯ್ತಜ್ಜಿ" ಅಂದಿದ್ದಕ್ಕೂ ಇಲ್ಲ. ನಗುಮುಖಕ್ಕೆ ಮಾತ್ರ ಪ್ರತ್ಯೇಕ ಅಂಕ! ಮಾಸ್ಕ್ ಒಳಗಿನ ನಗುವನ್ನು ಅಳೆದ ಪುಣ್ಯಾತ್ಮರು ಯಾರೋ?

ಡಾಕ್ಟರುಗಳ ಪಾಡೂ ಅಷ್ಟೇ. ತಿಂಗಳಿಗೆ ಇಷ್ಟು ಅಡ್ಮಿಷನ್, ಇಷ್ಟು ಸ್ಕ್ಯಾನ್. ಜನ ಕಾಯಿಲೆ ಬೀಳದಿದ್ದರೆ ಬೀದಿಯಲ್ಲಿ ನಿಂತು ಕರೆಯಬೇಕಾ?

ಸಾಲದ್ದಕ್ಕೆ ಬೆಲ್ ಕರ್ವ್ ಬೇರೆ, ಅಂದರೆ ಇಷ್ಟು ಜನ ಮೇಲೆ, ಇಷ್ಟು ಜನ ನಡುವೆ, ಇಷ್ಟು ಜನ ಕೆಳಗೆ ಅಂತ ಮೊದಲೇ ಗೆರೆ ಎಳೆಯುವ ಲೆಕ್ಕ. 1980ರ ದಶಕದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಮುಖ್ಯಸ್ಥ ಜ್ಯಾಕ್ ವೆಲ್ಚ್ ನೌಕರರನ್ನು ಮೇಲಿನ ಶೇ 20, ನಡುವಿನ ಶೇ 70, ಕೆಳಗಿನ ಶೇ 10 ಎಂದು ಭಾಗ ಮಾಡಿದ್ದರು. ಆ ಕಂಪನಿಯೇ ಕೈಬಿಟ್ಟ ಪದ್ಧತಿ ನಮ್ಮ ವಾರ್ಡಿಗೆ ಈಗ ಬಂದಿದೆ! ಎಲ್ಲರೂ ಚೆನ್ನಾಗಿ ದುಡಿದರೂ ಒಬ್ಬರು ಕೆಳಗೆ ಬೀಳಲೇಬೇಕು. ಈ ಸಲ ನನ್ನ ಸರದಿಯಂತೆ. ಸಹಿಯ ಶಾಯಿ ಒಣಗುವ ಮೊದಲೇ ಮುಂದಿನ ವರ್ಷದ ಟಾರ್ಗೆಟ್ ಕೈಗಿಟ್ಟರು. ಅದು ಇನ್ನೂ ಜಾಸ್ತಿ!