ಬಾಳೆನಾರಿಗೆ ರೇಷ್ಮೆಯ ಹೆಸರೇಕೆ?

ಆನ್‌ಲೈನ್‌ನಲ್ಲಿ 'ಬನಾನಾ ಸಿಲ್ಕ್' ಅಂತ ಮಾರುವ ಸೀರೆಗಳ ಬಗ್ಗೆ ರೇಷ್ಮೆ ಬೆಳೆಯುವ ಶಿಡ್ಲಘಟ್ಟ, ಚಿಂತಾಮಣಿ ಕಡೆಯವರು ಸುಮ್ಮನಿರಬಾರದು. ಹುಳು ಸಾಯದೆ ತಯಾರಾದ ಬಟ್ಟೆ ಬೇಕು ಅನ್ನುವವರ ಆಸೆ ನ್ಯಾಯವಾದದ್ದೇ. ಆದರೆ ಬಾಳೆನಾರು ರೇಷ್ಮೆಯಲ್ಲ, ಆಗುವುದೂ ಇಲ್ಲ.

ಒಂದು ಒಳ್ಳೆ ದ್ವಿತಳಿ (ಬೈವೋಲ್ಟೈನ್) ರೇಷ್ಮೆಗೂಡು ಬಿಚ್ಚಿದರೆ ಸುಮಾರು 1,000 ಮೀಟರ್ ಒಂದೇ ಎಳೆ. ಸೋಪು, ಸೋಡಾ ಹಾಕಿ ಕುದಿಸಿ ಅಂಟು ತೆಗೆದರೆ ತೂಕದಲ್ಲಿ ಹೆಚ್ಚುಕಡಿಮೆ ಕಾಲುಭಾಗ ಹೋಗುತ್ತದೆ, ಎಳೆ ಮಾತ್ರ ಹಾಗೇ ಉಳಿದು ಹೊಳಪು ಬಿಡುತ್ತದೆ. ಬಾಳೆಯದು ಇದಕ್ಕೆ ತದ್ವಿರುದ್ಧ. ಕಣ್ಣಿಗೆ ಒಂದೇ ನಾರಾಗಿ ಕಂಡರೂ ಅದು ಕೆಲವೇ ಮಿಲಿಮೀಟರ್ ಉದ್ದದ ಕೋಶಗಳನ್ನು ಪೆಕ್ಟಿನ್, ಲಿಗ್ನಿನ್ ಅಂಟಿಸಿ ಹಿಡಿದಿರುವ ಕಟ್ಟು. ಮೆತ್ತಗಾಗಲಿ ಅಂತ ಕಾಸ್ಟಿಕ್ ಸೋಡಾದಲ್ಲಿ ಜಾಸ್ತಿ ಹೊತ್ತು ಕುದಿಸಿದರೆ ಅಂಟಿನ ಜೊತೆ ನಾರಿನ ಬಲವೂ ಹೋಗಿ ಚೂರುಚೂರಾಗುತ್ತದೆ. ಕಡಿಮೆ ಕುದಿಸಿದರೆ ಮೈಗೆ ಚುಚ್ಚುತ್ತದೆ. ಹೂ ಕಟ್ಟಲು ಅಷ್ಟು ಚೆನ್ನಾಗಿ ಒದಗುವ ನಾರು ಸೀರೆಯಲ್ಲಿ ಸತಾಯಿಸುವುದು ಇದಕ್ಕೇ.

ಹಾಗಂತ ಬಾಳೆನಾರು ಬೇಡವೇ? ಖಂಡಿತ ಬೇಕು, ಅದರದೇ ಹೆಸರಲ್ಲಿ. ಗೊನೆ ಕಡಿದ ಮೇಲೆ ಒಂದೆರಡು ದಿನದೊಳಗೆ ಕಾಂಡ ನಾರು ಬಿಡಿಸುವ ಯಂತ್ರಕ್ಕೆ ಹೋಗಬೇಕು. ತಡವಾದರೆ ನಾರು ಕಂದಿ ಕಲೆ ಬೀಳುತ್ತದೆ, ಆಮೇಲೆ ಎಷ್ಟು ಬ್ಲೀಚ್ ಮಾಡಿದರೂ ಬೆಳ್ಳಗಾಗದು. ಒಣಗಿದ ಹೊರಪಟ್ಟೆ ಬಿಸಾಕಿ, ಒಳಗಿನ ದಿಂಡು ಪಲ್ಯಕ್ಕೆ ಎತ್ತಿಟ್ಟು, ನಡುವಿನ ಪಟ್ಟೆಗಳನ್ನು ಮಾತ್ರ ಕೊಡಿ. ಪಟ್ಟೆಯನ್ನು ಯಂತ್ರಕ್ಕೆ ಅರ್ಧ ಕೊಟ್ಟು ಎಳೆದು, ತಿರುಗಿಸಿ ಇನ್ನರ್ಧ. ತಕ್ಷಣ ತೊಳೆದು ನೆರಳಲ್ಲಿ ಹರವಬೇಕು. ಕಾಂಡದಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರೇ, ಹಾಗಾಗಿ ರಾಶಿ ಕಡಿದರೂ ಸಿಗುವ ನಾರು ಹಿಡಿಯಷ್ಟು.

ನೇಯುವಾಗ ಹಾಸಿಗೆ, ಅಂದರೆ ಮಗ್ಗದ ಉದ್ದದ ಎಳೆಗೆ, ಹತ್ತಿ ಅಥವಾ ರೇಷ್ಮೆ; ಹೊಕ್ಕಿಗೆ, ಅಂದರೆ ಅಡ್ಡ ಎಳೆಗೆ, ಮಾತ್ರ ಬಾಳೆ. ನಾರು ಮೂರ್ನಾಲ್ಕು ಅಡಿಯದು, ತುದಿಗೆ ತುದಿ ಗಂಟು ಹಾಕಲೇಬೇಕು. ಆ ಗಂಟು ಹಾಸಿನಲ್ಲಿದ್ದರೆ ಮಗ್ಗದ ಬಾಚಣಿಗೆಯಂಥ ಹಣಿಗೆಗೆ ಸಿಕ್ಕಿ ಎಳೆ ಕಡಿಯುತ್ತದೆ. ಹೊಕ್ಕಿನ ಎಳೆ ಸುತ್ತಿದ ಕಂಡಿಕೆಯನ್ನು ಸ್ವಲ್ಪ ತೇವವಾಗಿಡಿ. ಒಣಗಿದ ನಾರು ಮಡಚಿದ ಕಡೆಯೇ ಮುರಿಯುತ್ತದೆ.

ರೇಷ್ಮೆಯ ಜಾರು, ಇಳಿಬೀಳುವ ಗುಣ ಗಿಡದಿಂದಲೇ ಬೇಕಿದ್ದರೆ ನನ್ನ ಆಯ್ಕೆ ಕ್ಯುಪ್ರೊ ಅಥವಾ ಲಯೋಸೆಲ್ ಫಿಲಮೆಂಟ್ (ಕಡಿಯದ ಉದ್ದನೆ ಎಳೆ). ಕ್ಯುಪ್ರೊ ಹತ್ತಿಬೀಜಕ್ಕೆ ಅಂಟಿದ ತುಪ್ಪುಳದಿಂದ ಬರುತ್ತದೆ, ಲಯೋಸೆಲ್ ಮರದ ತಿರುಳಿನಿಂದ. ಲಯೋಸೆಲ್‌ನಲ್ಲಿ ಬಳಸುವ ದ್ರಾವಕವನ್ನು ಶೇ 99ರಷ್ಟು ಮತ್ತೆ ಹಿಡಿದು ಬಳಸುತ್ತಾರೆ. 'ಬ್ಯಾಂಬೂ ಸಿಲ್ಕ್' ಬಹುಪಾಲು ವಿಸ್ಕೋಸ್, ಅಂದರೆ ಗಿಡದ ತಿರುಳನ್ನು ರಾಸಾಯನಿಕದಲ್ಲಿ ಕರಗಿಸಿ ಎಳೆದ ನೂಲು. ಅದರ ತಯಾರಿಕೆಗೆ ಕಾರ್ಬನ್ ಡೈಸಲ್ಫೈಡ್ ಬೇಕು, ಅದು ಕಾರ್ಮಿಕರ ನರಮಂಡಲಕ್ಕೆ ವಿಷ. ಒದ್ದೆಯಾದರೆ ಆ ಎಳೆಯ ಬಲವೂ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹಿಂಡಿ ಒಗೆದರೆ ಬಾಳಿಕೆ ಬರುವುದಿಲ್ಲ.

ಅನುಮಾನವಿದ್ದರೆ ಸೀರೆಯ ತುದಿಯಿಂದ ಎಳೆ ಬಿಡಿಸಿ ಸುಡಿ. ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಪುಡಿಯಾಗುವ ಕರಿ ಮಣಿ ಬಂದರೆ ರೇಷ್ಮೆ. ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ ಬಂದರೆ ಗಿಡದ್ದು. ಕರಗಿ ಗಟ್ಟಿ ಉಂಡೆಯಾದರೆ ಪಾಲಿಯೆಸ್ಟರ್. ಹಾಸಿನ ಎಳೆ ಬೇರೆ, ಹೊಕ್ಕಿನ ಎಳೆ ಬೇರೆ ಸುಟ್ಟು ನೋಡಿ. ಎರಡೂ ಒಂದೇ ಇರಬೇಕೆಂದೇನಿಲ್ಲ.